ಅಂಚಿಗೆ ಟೇಪು

ಮೊದಲು ಟೇಪು ಹಚ್ಚು, ಸವಾದ್. ಮಷೀನು ಆಮೇಲೆ.
ಬಾನೆಟ್ಟಿನ ನಡು ಅಗಲಕ್ಕಿದೆ, ತಾಳಿಕೊಳ್ಳುತ್ತದೆ.
ಮಡಿಕೆ ಏಳುವಲ್ಲಿ, ಬಾಗಿಲು ಮುಗಿಯುವಲ್ಲಿ
ಬಣ್ಣ ನಿಲ್ಲುವುದಿಲ್ಲ ಮಾರಾಯ,
ಹಸಿಯಿರುವಾಗಲೇ ಜಾರಿ ಇಳಿದಿರುತ್ತದೆ.
ಅಂಚು ಹುಟ್ಟುವಾಗಲೇ ತೆಳು.

ಈ ಮೀಟರು ಇಡು. ನೂರ ಹದಿನೆಂಟು.
ಇಲ್ಲಿ ನೂರ ಹತ್ತು.
ಇಲ್ಲಿ, ದೀಪದ ಪಕ್ಕ, ಎಪ್ಪತ್ತೆರಡು.
ಮೈಕ್ರಾನ್ ಎಂದರೇನೆಂದು ನನ್ನನ್ನು ಕೇಳಬೇಡ.
ಒಂದು ತಲೆಗೂದಲಿನಷ್ಟು ಎನ್ನುತ್ತಿದ್ದ ಸಿಪ್ರಿಯನ್.
ಅಷ್ಟರೊಳಗೇ ಪ್ರೈಮರು, ಬಣ್ಣ, ಮೇಲೆ ಗಾಜಿನಂಥ ಪದರ
ಮೂವರೂ ಸಂಸಾರ ಹೂಡಿದ್ದಾರೆ.
ಹೊಳಪು ನಾವು ಹಚ್ಚುವುದಲ್ಲ,
ಕೆರೆದು ತೆಗೆಯುವುದು.
ಗಿರಾಕಿಗೆ ಇದನ್ನು ಹೇಳಬೇಡ.

ತೊಳೆದೆಯಾ? ಇನ್ನೊಮ್ಮೆ ತೊಳೆ.
ಗಾಲಾದ ಗಾಳಿ ಸುಮ್ಮನೆ ಬರುವುದಿಲ್ಲ,
ಪ್ಯಾಡಿಗೆ ಒಂದೇ ಒಂದು ಮರಳಕಣ ಸಿಕ್ಕರೆ
ಬಾಗಿಲ ತುಂಬ ಜೇಡ ನೇಯ್ದಂತೆ.
ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಗಾಡಿಯೂ ಚಂದ.
ಗೇಟು ದಾಟಿ ಬಿಸಿಲಿಗೆ ಇಳಿಯಲಿ,
ಆಗ ಕಾಣುತ್ತದೆ ನಿನ್ನ ಕೈ
ಎಲ್ಲೆಲ್ಲಿ ಅವಸರ ಮಾಡಿತ್ತು ಎಂದು.

ಅಂಗೈ ಮಗುಚಿ ತಗಡಿನ ಮೇಲೆ ಇಡು.
ಮೂರು ಎಣಿಸುವವರೆಗೆ ಇಡಲಾಗದಿದ್ದರೆ
ನಿಲ್ಲಿಸು. ಹೋಗಿ ಸುಲೈಮಾನಿ ಕುಡಿ.

ನಾನು ಕುಡಿಯಲಿಲ್ಲ.
ಎರಡು ಸಾವಿರದ ಒಂಬತ್ತು, ಈದಿಗೆ ಎರಡೇ ದಿನ,
ಹೊರಗೆ ಹನ್ನೊಂದು ಗಾಡಿ ಸಾಲು.
ರಿಯಾಮಿಯ ಕಡುಹಸಿರು ಪ್ಯಾಟ್ರೋಲ್,
ಉಣ್ಣೆಯ ಪ್ಯಾಡು, ವೇಗ ಪೂರ್ತಿ,
ಮಡ್ಗಾರ್ಡಿನ ಏಣಿನ ಮೇಲೆ ಮೈಭಾರ ಬಿಟ್ಟು ಒರಗಿದ್ದೆ.
ಮೊದಲು ವಾಸನೆ, ಕೂದಲು ಕರಕಾದ ಹಾಗೆ.
ಆಮೇಲೆ ಪ್ಯಾಡಿನ ತುದಿಯಲ್ಲಿ ಹಸಿರು.
ನೆನಪಿಡು: ಮೇಲಿನ ಪದರ ಸವೆದರೆ ಕೆಸರು ಬೆಳ್ಳಗೆ,
ಬಣ್ಣ ಕಂಡರೆ ಕೆಲಸ ಕೆಟ್ಟಿತು.
ಕಿತ್ತು ನೋಡಿದೆ. ಉಗುರಿನಷ್ಟು ಜಾಗದಲ್ಲಿ
ಬೂದು ಪ್ರೈಮರು, ನನ್ನನ್ನೇ ನೋಡುತ್ತಾ.

ಮೇಣ ಮೆತ್ತಿದೆ. ಸುಳ್ಳು ಯಾಕೆ ಹೇಳಲಿ,
ಮೇಣ ಎರಡು ತೊಳೆತಕ್ಕೆ ಬಾಳುತ್ತದೆ,
ಅಷ್ಟರಲ್ಲಿ ಈದು ಕಳೆದಿರುತ್ತದೆ ಅಂತ ಲೆಕ್ಕ.
ಸಿಪ್ರಿಯನ್ ಬಂದ, ಬಗ್ಗಿದ, ಮೂಸಿದ.
ಬೈಯಲಿಲ್ಲ. ಷಟರು ಎಳೆದ, ಕೊಡದಲ್ಲಿ ನೀರು ತಂದ.
ಎಂಟುನೂರರ ಪೇಪರು, ಆಮೇಲೆ ಸಾವಿರದೈನೂರು,
ಗಾಯದ ಅಂಚು ಬೆರಳಿಗೆ ಸಿಗದಷ್ಟು ನುಣ್ಣಗೆ.
ಬಣ್ಣ ಬೆರೆಸಲು ಕೂತವನು ಪುಸ್ತಕ ಮುಚ್ಚಿಟ್ಟ.
'ಕಂಪನಿಯ ಹಸಿರು ಬೇಡ. ಇದು ಒಂಬತ್ತು ವರ್ಷ
ಬಿಸಿಲು ತಿಂದ ಹಸಿರು.'
ತೊಟ್ಟು ಬಿಳಿ, ಅರೆತೊಟ್ಟು ಕಪ್ಪು,
ಕಡ್ಡಿಗೆ ಹಚ್ಚುವುದು, ಒಣಗಿಸುವುದು, ಬಿಸಾಡುವುದು.
ಮೂರೂವರೆಗೆ ಸಿಕ್ಕಿತು.
ಗಾಜಿನ ಪದರ ಮಾತ್ರ ಇಡೀ ಮಡ್ಗಾರ್ಡಿಗೆ ಹೊಡೆದ,
'ಉಗುರಿನಷ್ಟು ತಪ್ಪಿಗೆ ಉಗುರಿನಷ್ಟೇ ತೇಪೆ ಹಾಕಿದರೆ
ಗೆರೆ ಉಳಿಯುತ್ತದೆ, ಬಂಗೇರ.'

ರಿಯಾಮಿ ಬಂದಾಗ ಹೇಳಿಯೇ ಬಿಟ್ಟ,
ಇವನು ಸುಟ್ಟ, ನಾನು ಕಟ್ಟಿದೆ, ಎಲ್ಲಿ ಹೇಳಿ ನೋಡುವಾ.
ಆ ಮನುಷ್ಯ ಕನ್ನಡಕ ಏರಿಸಿ ಎರಡು ಸುತ್ತು ಬಂದು
ಆಚೆ ಬದಿಯ ಮಡ್ಗಾರ್ಡಿಗೆ ಬೆರಳಿಟ್ಟು
'ಇದೇ' ಎಂದ.
ಅರಬಾಬು ನಲವತ್ತು ರಿಯಾಲು ಹಿಡಿದೇ ಹಿಡಿದ.

ಹೋದ ತಿಂಗಳು ಕಾರ್ಡು ನವೀಕರಿಸಲು ಹೋಗಿದ್ದೆ.
ಯಂತ್ರ ನನ್ನ ಹೆಬ್ಬೆಟ್ಟು ಓದಲಿಲ್ಲ.
ಒದ್ದೆ ಟಿಶ್ಯೂ ಕೊಟ್ಟಳು ಹುಡುಗಿ, ಒರೆಸಿದೆ.
ತೋರುಬೆರಳು. ಇಲ್ಲ. ನಡುಬೆರಳು. ಇಲ್ಲ.
ಎರಡು ಸಾವಿರದ ಪೇಪರು ಹಿಡಿದ ಬೆರಳುಗಳು,
ಕನ್ನಡಿಯಂತೆ ಫಳಫಳ.
ಹಿಂದೆ ಸಾಲು ಉದ್ದವಾಗುತ್ತಿತ್ತು.
ಕೊನೆಗೆ ಎಡಗೈಯ ಕಿರುಬೆರಳು ಒತ್ತಿಸಿ
ಹಸಿರು ದೀಪ ಬಂತು, 'ಖಲಾಸ್' ಎಂದಳು.
ಪೇಪರು ಹಿಡಿಯುವಾಗ ಅದೊಂದು
ಹೊರಗೇ ನಿಂತಿರುತ್ತದಲ್ಲ.

ಏನು ನೋಡುತ್ತೀ ನನ್ನ ಕೈ?
ನೀಲಿ ಟೇಪು ಡ್ರಾವರಿನಲ್ಲಿದೆ.
ಹಳದಿಯದು ಬೇಡ, ಸೆಕೆಗೆ ಗೋಂದು ಬಿಡುತ್ತದೆ.