ಹನ್ನೊಂದನೆಯ ಕಾಲಂ

ಕೂಳೂರು ಸೇತುವೆ ಇಳಿದು ಎಡಕ್ಕೆ,
ಪಂಕ್ಚರ್ ಅಂಗಡಿ ದಾಟಿದರೆ ನನ್ನ ಝೆರಾಕ್ಸು.
ಪುಟಕ್ಕೆ ಎರಡು ರೂಪಾಯಿ, ಫಾರ್ಮು ತುಂಬಲು ಮೂವತ್ತು,
ಫೋಟೊ ನೀವೇ ತರಬೇಕು.

ತಿಲಕ್ ಮೆಂಡನ್ ಬಂದದ್ದು ಒಂದು ಬುಧವಾರ,
ಕೈಯಲ್ಲಿ ಆಧಾರ್, ಹತ್ತನೆಯ ಮಾರ್ಕ್ಸ್ ಕಾರ್ಡು,
ಅಂಗಿಯಲ್ಲಿನ್ನೂ ಬಂಗುಡೆಯ ವಾಸನೆ.
ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸವಂತೆ.
ಒಳಗೆ ಹೋಗಲು ಪಾಸು,
ಪಾಸಿಗೆ ಪೊಲೀಸರ ಷರಾ,
ಷರಾಕ್ಕೆ ಈ ಫಾರ್ಮು.

ಅಪ್ಪನ ಹೆಸರು, ಐದು ವರ್ಷದ ವಿಳಾಸ,
ಮೈಮೇಲಿನ ಗುರುತು, ಎಡ ಮೊಣಕೈಲಿ ಮಚ್ಚೆ,
ಎಲ್ಲ ಸರಸರ ಹೇಳಿದ.
ಹನ್ನೊಂದಕ್ಕೆ ಬಂದೆವು.
"ನಿಮ್ಮ ಮೇಲೆ ಕೇಸು ಏನಾದ್ರೂ ಉಂಟಾ?
ಮುಗಿದದ್ದಾದ್ರೂ ಬರೀಬೇಕಂತೆ."

ನಮ್ಮ ಕಡೆ ಎಲ್ಲಕ್ಕೂ ಉಂಟು ಎನ್ನುತ್ತೇವೆ:
ಬಸ್ಸು ಉಂಟು, ಮೀನು ಉಂಟು, ನಾಳೆ ಮದುವೆ ಉಂಟು,
ದೈವ ಉಂಟು.
ಅವನು ಹೊರಗೆ ನೋಡಿದ.
ಗೊಬ್ಬರದ ಲಾರಿಯೊಂದು ಹಿಂದೆ ಹಿಂದೆ ಬಂದು
ನಿಲ್ಲುವವರೆಗೂ ನೋಡಿದ.
"ಇಲ್ಲ ಅಂತ ಹಾಕಿ ಅಕ್ಕ."

ಹಾಕಿದೆ.
ಒತ್ತಿದ ಬೆರಳು ನನ್ನದೇ.

ನಡುವೆ ಪೇದೆಯೊಬ್ಬ ಅವರ ಮನೆಗೆ ಬಂದು
ತಾಯಿ ಕೆತ್ತಿಕೊಟ್ಟ ಬೊಂಡ ಕುಡಿದು
ಒಳ್ಳೆ ಹುಡುಗ ಎಂದು ಹೋಗಿದ್ದನಂತೆ.
ಠಾಣೆಯ ಪುಸ್ತಕ ಬೊಂಡ ಕುಡಿಯುವುದಿಲ್ಲ.

ಏಳು ವಾರದ ಮೇಲೆ ಕಾಗದ ಬಂತು.
ತಣ್ಣೀರುಬಾವಿ, ಅಂಡರ್ ಆರ್ಮ್ ಪಂದ್ಯ,
ಕೊನೆಯ ಓವರು, ನೋ ಬಾಲು, ಸ್ಟಂಪು ಕಿತ್ತ ಕೈಗಳು,
ಇದ್ಯಾವುದೂ ಅದರಲ್ಲಿ ಇರಲಿಲ್ಲ.
ಇದ್ದದ್ದು ಕೇಸಿನ ನಂಬರು, ಇಸವಿ,
ರಾಜಿಯಾಗಿ ಮುಗಿದ ತಾರೀಕು,
ಕೆಳಗೆ: ಸದರಿ ಪ್ರಕರಣದ ಕಾರಣಕ್ಕಲ್ಲ,
ಮಾಹಿತಿ ಮರೆಮಾಚಿದ ಕಾರಣಕ್ಕೆ ತಿರಸ್ಕೃತ.

"ಸ್ಟಂಪಿಗೆ ಮಾಫಿ ಉಂಟಂತೆ ಅಕ್ಕ,
ಇಲ್ಲ ಅಂದದ್ದಕ್ಕೆ ಇಲ್ಲವಂತೆ."
ನಕ್ಕ. ನಗು ಅರ್ಧಕ್ಕೇ ಕೆಟ್ಟು ನಿಂತಿತು.
ಮೇಲ್ಮನವಿ ಬರೆಯಬೇಕು.
ಯಾಕೆ ಹೇಳಲಿಲ್ಲ ಎಂಬಲ್ಲಿಗೆ ಬಂದಾಗ
"ಮರೆತಿದ್ದೆ ಅಂತ ಹಾಕಿ."

ಕೀಬೋರ್ಡಿನಿಂದ ಕೈ ತೆಗೆದೆ.

ಆ ಸಂಜೆ ವೆನ್ಲಾಕಿನ ಬೆಂಚಿನಲ್ಲಿ ಕೂತು
ತಮ್ಮನ ಹುಬ್ಬಿಗೆ ಬಿದ್ದ ಹೊಲಿಗೆ ಎಣಿಸಿದ್ದೆ, ಐದು.
ಬಾಗಿಲ ಹೊರಗೆ ಚಪ್ಪಲಿಯಿಲ್ಲದ ಹುಡುಗನೊಬ್ಬ
ಒಳಗೆ ಬರಲು ಹೆದರಿ ಅಳುತ್ತಿದ್ದ.
ಬುಧವಾರ ಹೆಸರು ಟೈಪು ಮಾಡುವಾಗಲೇ ಗುರುತಾಗಿತ್ತು.
ಕರುಣೆಯೋ, ಕಾದಿಟ್ಟ ಸಿಟ್ಟೋ,
ಯಾವ ಚೌಕದೊಳಗೂ ಹಿಡಿಸದ್ದು ಏನೋ,
ನಾನೂ ಸುಮ್ಮನಿದ್ದೆ.

"ಮರೆತಿರಲಿಲ್ಲ," ಎಂದೆ.
"ಯಾರು?" ಎಂದ.
ಫ್ಯಾನು ಕಾಗದದ ಮೂಲೆ ಎತ್ತಿತು, ಬಿಟ್ಟಿತು.
ತುಂಬ ಹೊತ್ತು ನನ್ನ ಹುಬ್ಬನ್ನೇ ನೋಡಿದ,
ಅಲ್ಲೇನೋ ಬರೆದಿರುವ ಹಾಗೆ.

ಮತ್ತೆ ಸ್ಟೂಲು ಹತ್ತಿರ ಎಳೆದುಕೊಂಡು
"ಸರಿ, ಮೊದಲಿನಿಂದ ಹೇಳ್ತೇನೆ," ಅಂದ.
"ಅದು ನೋ ಬಾಲೇ ಅಲ್ಲ ಅಕ್ಕ."