ಲೆಕ್ಕದ ಪುಸ್ತಕದಲ್ಲಿ ಮುನಿಲಕ್ಷ್ಮಿ

ಕ್ವೀನ್ಸ್ ರಸ್ತೆಯ ಹಿಂದಿನ ಗಲ್ಲಿ, ಬೀಗದಕೈ ಮಾಡುವವನ ಪಕ್ಕ
ನನ್ನ ಅಂಗಡಿ. ಒಂದು ಯಂತ್ರ, ಒಂದು ಸ್ಟೂಲು,
ಮೂವತ್ತೊಂದು ವರ್ಷದ ಲೆಕ್ಕದ ಪುಸ್ತಕ.
ಹೆಸರು, ತಾರೀಕು, ಎಷ್ಟು ಪೌಂಡು ಬಿಗಿ:
ಅಷ್ಟೇ ಬರೆಯುತ್ತೇನೆ.
ಮಿಕ್ಕಿದ್ದನ್ನು ತಂತಿ ಹೇಳುತ್ತದೆ.
ನಡುವೆ ಸವೆದಿದ್ದರೆ ಒಳ್ಳೆಯ ವಾರ,
ಅಂಚಿನಲ್ಲಿ ಹರಿದಿದ್ದರೆ ಕಣ್ಣು ಇನ್ನೆಲ್ಲೋ ಇತ್ತು.

ಅಬ್ಬಾಜಾನ್ ಕರುಳಲ್ಲೇ ಕಟ್ಟುತ್ತಿದ್ದರು.
ಮಳೆ ಬಂದರೆ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತರುತ್ತಿದ್ದರು.
ಈಗ ಎಲ್ಲ ಪ್ಲಾಸ್ಟಿಕ್ಕು.
ಕರುಳು ಅಂದರೆ ಹುಡುಗರು ಮೂಗು ಮುಚ್ಚುತ್ತಾರೆ.

ಮೊದಲ ಸಲ: ಜೂನ್ ತಿಂಗಳು, ವಯಸ್ಸು ಒಂಬತ್ತು.
ಮಾರ್ಕರ್ ಮುನಿಹನುಮಯ್ಯನ ಮಗಳು.
ಕ್ಲಬ್ಬಿನ ಸಾಹೇಬರಿಗೆ ಬೆಳಗ್ಗೆ ಆರಕ್ಕೆ ಚೆಂಡು ಹೊಡೆದುಕೊಡುವುದು,
ಅವರು ಗೆಲ್ಲುವಷ್ಟು ಮಾತ್ರ ಚೆನ್ನಾಗಿ ಆಡುವುದು
ಅವನ ಕಸುಬು.
ಯಾರೋ ಎಸೆದ ರಾಕೆಟ್ಟು ತಂದಿದ್ದಳು,
ಹಿಡಿಗೆ ಸೈಕಲ್ ಟ್ಯೂಬು ಸುತ್ತಿ.
ಎಷ್ಟು ಬಿಗಿ ಬೇಕು ಅಂದೆ.
"ಅಪ್ಪ ಸೋಲದಷ್ಟು."
ಐವತ್ತು ಅಂತ ಬರೆದುಕೊಂಡೆ.

ಐವತ್ತೆರಡು. ಐವತ್ತೆರಡು. ಐವತ್ನಾಲ್ಕು.
ಒಂದು ಪುಟದಲ್ಲಿ ಬರೀ ಅವಳೇ.

ಮೂರು ಸಾವಿರ ಅಡಿ ಎತ್ತರದ ಊರು ನಮ್ಮದು,
ಚೆಂಡು ಇಲ್ಲಿ ಒಂದು ಗೇಣು ಜಾಸ್ತಿ ಹಾರುತ್ತದೆ.
ಚೆನ್ನೈನವರು ಬಂದರೆ ಎರಡು ಪೌಂಡು ಏರಿಸುತ್ತೇನೆ.
ಇವಳು ಸಮುದ್ರದ ಊರುಗಳಿಗೆ ಹೊರಟಾಗ ಇಳಿಸಿದೆ:
ಅಂಟಾಲ್ಯ, ಮೊನಾಸ್ತಿರ್,
ನನ್ನ ನಾಲಿಗೆಗೆ ಹತ್ತದ ಇನ್ನೆರಡು.
ಅಲ್ಲಿ ಅಂಪೈರುಗಳ ನಾಲಿಗೆಗೆ ಇವಳೂ ಹತ್ತಲಿಲ್ಲವಂತೆ.
ಮುನೇಶ್ವರನ ಹೆಸರು ಮ್ಯೂನಿ ಆಯಿತು.

"ಒಂದಕ್ಕೆ ಇಪ್ಪತ್ತು ಯೂರೋ ಕೇಳ್ತಾರೆ ಮಾಮು, ನಂಗೇ ಕಲಿಸಿಬಿಡು."
ಹನ್ನೊಂದು ದಿನದಲ್ಲಿ ಕಲಿತಳು.
ಹಳೇ ಯಂತ್ರವೊಂದನ್ನು ಸೂಟ್‌ಕೇಸಿಗೆ ತುಂಬಿದಳು,
ಬಟ್ಟೆಗೆ ಜಾಗ ಉಳಿಯಲಿಲ್ಲ.

ಆಮೇಲೆ ಪುಸ್ತಕದಲ್ಲಿ ಆರು ವರ್ಷ ಖಾಲಿ.

ಆ ಖಾಲಿಯೊಳಗೆ ಒಂದು ಆಗಸ್ಟ್, ಇನ್ನೂರ ಹದಿನಾಲ್ಕನೇ ನಂಬರು.
ಇಡೀ ಭೂಮಿಯಲ್ಲಿ ಇನ್ನೂರ ಹದಿಮೂರು ಹೆಂಗಸರು ಇವಳಿಗಿಂತ ಮೇಲು.
ವರ್ಷದ ಕೊನೆಗೆ ಕೈಯಲ್ಲಿ ಉಳಿದದ್ದು
ನನ್ನ ಅಂಗಡಿ ಬಾಡಿಗೆಗೂ ಸಾಲದು.
ಹಾಗಾಗಿ ರಾತ್ರಿ ಹೋಟೆಲು ಕೋಣೆಯಲ್ಲಿ ಬೇರೆಯವರ ರಾಕೆಟ್ಟು ಕಟ್ಟಿದಳು,
ಎಂಟು ಯೂರೋಗೆ.

ಒಮ್ಮೆ ಬಂದದ್ದು, ಮರುದಿನ ಎದುರು ಆಡಬೇಕಾದ ಹುಡುಗಿಯದು.
"ಎರಡು ಪೌಂಡು ಸಡಿಲ ಬಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಮಾಮು."
ಮತ್ತೆ?
"ಕೇಳಿದಷ್ಟೇ ಕಟ್ಟಿದೆ. ಆರು-ನಾಲ್ಕು, ಏಳು-ಐದು."
ಯಾರಿಗೆ ಎಂದು ನಾನು ಕೇಳಲಿಲ್ಲ.
ಎಂಟು ಯೂರೋ ಮೊದಲೇ ಇಸಕೊಂಡಿದ್ದಳಂತೆ,
ಅದಕ್ಕೆ ಮಾತ್ರ ನಕ್ಕಳು.

ಭುಜ ಕೊಯ್ದ ಮೇಲೆ ಊರಿಗೆ ಬಂದಳು.
ಹೆಣ್ಣೂರಿನ ಆಚೆ, ಗೋಡೌನುಗಳ ನಡುವೆ ಮೂರು ಅಂಕಣ,
ಸ್ಕೂಟಿ ತುಂಬ ಮಕ್ಕಳ ರಾಕೆಟ್ಟು.
ನಿನ್ನೆ ತನ್ನದನ್ನೂ ತಂದಳು,
ಮೆಡಿಕಲ್ ಕಾಲೇಜಿನ ಹುಡುಗಿಯೊಬ್ಬಳು ಪಂದ್ಯಕ್ಕೆ ಕರೆದಿದ್ದಾಳಂತೆ.
"ಐವತ್ತೆರಡು."
ಕೈ ಎತ್ತಿದಾಗ ಅವಳ ಮುಖ ನೋಡಿದ್ದೆ. ಐವತ್ತಕ್ಕೆ ಕಟ್ಟಿದೆ.

ಇವತ್ತು ಬಂದು ತಂತಿಯನ್ನು ಹೆಬ್ಬೆರಳಿಂದ ಮೀಟಿದಳು,
ಕಿವಿಗಿಟ್ಟುಕೊಂಡಳು. ಬೀದಿಯಲ್ಲಿ ಬಸ್ಸು ಹಾರನ್ನು ಹೊಡೆಯುತ್ತಿತ್ತು.
"ಎರಡು ಕಮ್ಮಿ ಇದೆ ಮಾಮು."
ಸುಮ್ಮನಿದ್ದೆ.
"ಅಪ್ಪನೂ ಹಿಂಗೇ ಮಾಡ್ತಿದ್ದ. ಬಿಚ್ಚು."

ಕತ್ತರಿ ತಗೊಂಡು ನಡುವಿನಿಂದ ಶುರು ಮಾಡಿದೆ.
ಅಂಚಿನಿಂದ ಕತ್ತರಿಸಿದರೆ ಚೌಕಟ್ಟು ಸೊಟ್ಟಗಾಗುತ್ತದೆ.
ಟಕ್ ಟಕ್ ಎಂದು ಒಂದೊಂದೇ ಬಿಟ್ಟುಕೊಂಡವು.
ಅವಳು ಸ್ಟೂಲಿನ ಮೇಲೆ ಕೂತು ಪುಸ್ತಕ ತಿರುವಿದಳು,
ಖಾಲಿ ಪುಟ ಬಂದಾಗ ತಿರುವದೆ ಕೂತಳು.

ಮುನಿಲಕ್ಷ್ಮಿ. ಐವತ್ತೆರಡು.
ಕೂಲಿ, ಎರಡು ಸಲದ್ದು.
ಬೇಡವೆಂದರೂ ಕೊಟ್ಟಳು.