ಖಮರಮ್ಮನ ಮರಳು

ಮೂರನೇ ಸಲವೂ ಕಟ್ಟಿಕೊಂಡಿತು.
ಕುದಿಯುತ್ತಿದ್ದ ಮರಳು ಸದ್ದಡಗಿ
ಕೊಳವೆಯೊಳಗೆ ಅಚ್ಚುಬೆಲ್ಲದ ಹಾಗೆ ಗಟ್ಟಿ.
ಅಡಿಯಿಂದ ಊದಿದ ಗಾಳಿ ಒಂದೇ ಒಂದು ಬಿಲ ಕೊರೆದುಕೊಂಡು
ಸಿಳ್ಳೆ ಹಾಕುತ್ತ ಹೊರಟುಹೋಗಿತ್ತು.
ಅಂಬುಜಾಕ್ಷಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.
ನಾನು ಸುತ್ತಿಗೆ ಹುಡುಕಿದೆ.

ವಿಷಯ ಇಷ್ಟೇ:
ಕಲ್ಲಿದ್ದಲಿಗೆ ಉರಿ ತಾಕಬಾರದು.
ತಾಕಿದರೆ ಹೊಗೆ, ಬೂದಿ, ಮುಗಿಯಿತು.
ಬೇರೆ ಕಡೆ ಕಾಯಿಸಿದ ಮರಳನ್ನು
ಎಂಟುನೂರು ಡಿಗ್ರಿಯಲ್ಲಿ ಅದರ ಮೇಲೆ ಇಳಿಸಬೇಕು,
ಕೆಳಗಿನಿಂದ ಸಾರಜನಕ ಊದಬೇಕು;
ಆಗ ಮರಳು ಮರಳಿನ ಹಾಗಿರುವುದಿಲ್ಲ,
ಗಂಜಿಯ ಹಾಗೆ ಕೊತಕೊತ.
ಎರಡು ಮೂರು ಸೆಕೆಂಡು.
ಇದ್ದಲು ಅನಿಲ ಬಿಡುತ್ತದೆ, ಡಾಂಬರು ಬಿಡುತ್ತದೆ,
ಉಳಿದ ಕರಿ ಮರಳಿನ ಜೊತೆ ಹೊರಡುತ್ತದೆ.
ಆ ಕರಿಯನ್ನೇ ಪಕ್ಕದ ಕೊಳವೆಯಲ್ಲಿ ಉರಿಸಿ
ಮರಳು ಮತ್ತೆ ಕಾಯುತ್ತದೆ,
ಮತ್ತೆ ಬರುತ್ತದೆ.
ಹೊತ್ತು ತರುವುದಷ್ಟೇ ಅದರ ಕೆಲಸ.
ತಾನು ಉರಿಯುವ ಹಾಗಿಲ್ಲ.

ಶನಿವಾರ ಸಂಜೆ ಪೆನ್ಷನ್ ಮೊಹಲ್ಲಾದಲ್ಲಿ
ಎರಡು ಸೇರು ಪುರಿಗೆಂದು ನಿಂತಿದ್ದೆ.
ಖಮರಮ್ಮ ಕಾಫಿ ಹೊಟ್ಟಿನ ಉರಿಯೆದುರು ಕೂತು
ಉಪ್ಪುನೀರಲ್ಲಿ ನೆನೆಸಿ ಆರಿಸಿದ ಅಕ್ಕಿ, ಒಂದೇ ಹಿಡಿ,
ಬಾಣಲೆಯ ಮರಳಿಗೆ ಎಸೆದು
ಕಡ್ಡಿಯ ಕಟ್ಟಿನಿಂದ ಗರಗರ ಆಡಿಸಿ
ಜರಡಿಗೆ ಬಗ್ಗಿಸಿದರು.
ಬಿಳಿಯದು ಮೇಲೆ.
ಕಪ್ಪು ಮರಳು ಕೆಳಗೆ, ಅಲ್ಲಿಂದ ಮತ್ತೆ ಬಾಣಲೆಗೆ.

ಹದಿನೆಂಟು ವರ್ಷದಿಂದ ಅಲ್ಲಿ ಪುರಿ ಕೊಳ್ಳುತ್ತಿದ್ದೇನೆ.
ಅವತ್ತು ನೋಡಿದೆ.

"ಎಲ್ಲ ಒಂದೇ ಸಲ ಸುರಿದರೆ?"
"ಅಂಟ್ಕೊತದೆ. ಮರಳು ಜಾಸ್ತಿ ಇರ್ಬೇಕು, ಅಕ್ಕಿ ಕಮ್ಮಿ.
ಬೆಂಕಿ ಅಕ್ಕಿ ಮುಖ ನೋಡಬಾರ್ದು, ಸಾರ್."
"ಹೊಸ ಮರಳು ಆಗಲ್ವಾ?"
"ಹೊಸದು ಚುಚ್ತದೆ. ಇದು ನಮ್ಮತ್ತೆ ಕಾಲದ್ದು,
ಹೇಮಾವತಿಗೆ ಕಟ್ಟೆ ಕಟ್ಟೋಕೆ ಮುಂಚೆ ತಂದಿದ್ದು."

ಆರಿದ ಒಂದು ಚಿಟಿಕೆಯನ್ನು ಬೆರಳ ನಡುವೆ ಉಜ್ಜಿದೆ.
ರಾಗಿಗಿಂತ ಸಣ್ಣ, ರಾಗಿಯಷ್ಟೇ ಗುಂಡಗೆ.
ನಮ್ಮ ಟೆಂಡರಿನ ಮರಳಿಗೆ ಮೂಲೆಗಳಿದ್ದವು.

ಒಂದು ಡಬ್ಬ ಸಾಲ ಕೇಳಿದೆ.
ಸಕ್ಕರೆ ಕೇಳಿದ್ದುಂಟು, ಮರಳು ಕೇಳಿದ್ದು ಅದೇ ಮೊದಲು.
ತುಂಬಿ, ಅಂಗೈಯಿಂದ ಸವರಿ ಮಟ್ಟ ಮಾಡಿ ಕೊಟ್ಟರು:
"ಇದೇ ಮಟ್ಟಕ್ಕೆ ವಾಪಸ್ ಬರ್ಬೇಕು."

ಮಂಗಳವಾರ.
ಇದ್ದಲ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಬಿಟ್ಟೆವು.
ಮಾಪಕದ ನೀರು ತುಳುಕುತ್ತಲೇ ಇತ್ತು
(ನಿಂತರೆ ಸತ್ತ ಹಾಗೆ),
ಹತ್ತು ನಿಮಿಷ, ಇಪ್ಪತ್ತು, ನಲವತ್ತೊಂದು.
ಗಾಜಿನ ಕೊಳವೆಯ ತುದಿಯಲ್ಲಿ
ಜೋನಿಬೆಲ್ಲದ ಬಣ್ಣದ ಮೊದಲ ಹನಿ
ಬೀಳಲೋ ಬೇಡವೋ ಎಂದು ತೂಗಿ
ಬಿತ್ತು.
ಮೇಡಂ ಏನೂ ಹೇಳಲಿಲ್ಲ,
ಪುರಿಯ ಪೊಟ್ಟಣ ನನ್ನ ಕಡೆ ಸರಿಸಿದರು.
ನಲವತ್ತೆರಡನೇ ನಿಮಿಷಕ್ಕೆ ಕರೆಂಟು ಹೋಯಿತು.

ಹಾಗಾಗಿ ಕೊನೆಯ ಸುತ್ತಿನ ಕರಿ ಉರಿಯದೆ ಉಳಿಯಿತು.
ಡಬ್ಬ ಹಿಡಿದು ಹೋಗಿ ತಪ್ಪೊಪ್ಪಿಕೊಂಡೆ:
ಇನ್ನೊಂದು ತಾಸು ಗಾಳಿ ಬಿಟ್ಟು ಕಾಯಿಸಿದರೆ
ಕರಿ ಹೋಗುತ್ತದೆ, ವಾಸನೆಯೂ ಹೋಗುತ್ತದೆ,
ಇದ್ದ ಹಾಗೇ ತಂದುಕೊಡುತ್ತೇನೆ.

ಖಮರಮ್ಮ ಮುಚ್ಚಳ ತೆಗೆದು ಮೂಗಿಗೆ ಹಿಡಿದರು.
ಹಿಡಿದೇ ಇದ್ದರು.
ಬಾಣಲೆಯಲ್ಲಿ ಅಕ್ಕಿ ಸೀಯಿತು.

"ಅರಸೀಕೆರೆ ಲೋಕೋ ಶೆಡ್ಡು," ಅಂದರು,
"ಇಪ್ಪತ್ತಾರು ವರ್ಷ ಫೈರ್‌ಮನ್.
ಅಂಗಿ ಎಷ್ಟು ಕುಕ್ಕಿದರೂ..."
ಸೀದ ಅಕ್ಕಿಯನ್ನು ಒಲೆಗೆ ಬಗ್ಗಿಸಿ
ಇನ್ನೊಂದು ಹಿಡಿ ಎಸೆದರು.
"ಸುಡಬೇಡಿ. ಹೀಗೇ ಇರ್ಲಿ."
ಡಬ್ಬ ತಕ್ಕಡಿಯ ಹಿಂದೆ, ಉಪ್ಪಿನ ಚೀಲದ ಮಗ್ಗುಲಿಗೆ ಹೋಯಿತು.
ನನ್ನ ಚಿಲ್ಲರೆ ಎಣಿಸಿ ಕೊಟ್ಟರು.

ವರದಿಯಲ್ಲಿ ಒಂದು ಕಾಲಂ ಇದೆ: ಶಾಖವಾಹಕ, ಅದರ ಮೂಲ.
ಹಾಸನ, ಸ್ಥಳೀಯ, ಎಂದು ಬರೆದೆ.
ಅದರ ಪಕ್ಕದ್ದು: ಮರಳಿ ಪಡೆದ ಮರಳು, ಕಿಲೋಗಳಲ್ಲಿ.
ಖಾಲಿ ಬಿಟ್ಟಿದ್ದೇನೆ.
ಮೇಡಂ ಇನ್ನೂ ಕೇಳಿಲ್ಲ.